ಎರಡು ಭೇಟಿಗಳ ನಡುವಣ ಮೂರು ತಿಂಗಳು

ಸಕ್ಕರೆ ಕಾಯಿಲೆಯುಳ್ಳ ಗೃಹಸ್ಥರೊಬ್ಬರು ಮೂರು ತಿಂಗಳಿಗೊಮ್ಮೆ ತಪ್ಪದೆ ಡಾಕ್ಟರರನ್ನು ಕಾಣುತ್ತಾರೆಂದು ಇಟ್ಟುಕೊಳ್ಳೋಣ. ಡಾಕ್ಟರರೂ ಸಜ್ಜನರು, ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಮಂದಿ ಕಾದು ಕುಳಿತಿದ್ದರೂ ಹತ್ತು ನಿಮಿಷ ಸಮಾಧಾನವಾಗಿ ಮಾತನಾಡಿಸಿ ಕಳುಹಿಸುತ್ತಾರೆ. ವರ್ಷಕ್ಕೆ ನಾಲ್ಕು ಭೇಟಿ. ಒಟ್ಟು 40 ನಿಮಿಷ. ವರ್ಷದಲ್ಲಿರುವ ಗಂಟೆಗಳಾದರೋ 8,760. ಈ ನಲವತ್ತು ನಿಮಿಷಗಳನ್ನು ಕಳೆದು ಉಳಿದ ಕಾಲದಲ್ಲೆಲ್ಲ ರೋಗವನ್ನು ನೋಡಿಕೊಳ್ಳುವವರು ಯಾರು? ಆ ಗೃಹಸ್ಥರೇ, ಅವರ ಮನೆಯಾಕೆ, ಮತ್ತು ಮದುವೆಮನೆಯಲ್ಲಿ 'ಇದೊಂದು ಹೋಳಿಗೆಯಿಂದ ಏನಾಗಿಬಿಡುತ್ತದೆ, ರಾಯರೇ' ಎಂದು ಎಲೆಗೆ ಬಡಿಸುವ ಬಂಧುಗಳು.

ವಿಷಮಶೀತಜ್ವರ ಬಂದರೆ ಅದು ಡಾಕ್ಟರರ ಹೊಣೆ. ಮೂಳೆ ಮುರಿದರೆ ಶಸ್ತ್ರವೈದ್ಯರ ಹೊಣೆ. ರೋಗಿ ಮಾಡಬೇಕಾದದ್ದು ಸುಮ್ಮನೆ ಮಲಗಿರುವುದು. ಸಿಹಿಮೂತ್ರರೋಗದ ಸ್ವಭಾವವೇ ಬೇರೆ. ಇಲ್ಲಿ ಊಟ, ನಡಿಗೆ, ನಿದ್ರೆ, ಚಿಂತೆ ಎಲ್ಲವೂ ಔಷಧಿಯ ಲೆಕ್ಕದೊಳಗೇ ಸೇರುತ್ತವೆ. ಆದುದರಿಂದ ಈ ರೋಗದ ಚರಿತ್ರೆಯಲ್ಲಿ ಎರಡು ಕಥೆಗಳು ಜೊತೆಜೊತೆಯಾಗಿ ಸಾಗಿಬಂದಿವೆ. ಒಂದು ಹೊಸಹೊಸ ಔಷಧಿಗಳ ಕಥೆ. ಅದನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿರುತ್ತಾರೆ. ಇನ್ನೊಂದು, ಆ ಔಷಧಿಯೂ ಅದನ್ನು ಬಳಸುವ ತಿಳಿವಳಿಕೆಯೂ ಆಸ್ಪತ್ರೆಯ ಹೊಸಿಲು ದಾಟಿ ಮನೆಯೊಳಕ್ಕೆ ಹೇಗೆ ಬಂದುವು ಎಂಬ ಕಥೆ. ಈ ವಾರ ಈ ಎರಡನೆಯದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೋನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಇನ್ಸುಲಿನ್ ಸೂಜಿಮದ್ದು ಕೊಟ್ಟರು. ಮೊದಲ ಮದ್ದು ಅಷ್ಟಾಗಿ ಹಿಡಿಯಲಿಲ್ಲ. ಅದನ್ನು ಶುದ್ಧಪಡಿಸಿ ಹನ್ನೆರಡು ದಿನಗಳ ತರುವಾಯ ಕೊಟ್ಟದ್ದು ಹಿಡಿಯಿತು. ಅದುವರೆಗೆ ಇಂಥ ಮಕ್ಕಳಿಗೆ ಅನ್ನವನ್ನು ಕಡಿಮೆ ಮಾಡಿ ಮಾಡಿ ಸಾವನ್ನು ಸ್ವಲ್ಪ ಕಾಲ ಮುಂದೂಡುವುದಷ್ಟೇ ವೈದ್ಯರಿಗೆ ಸಾಧ್ಯವಿದ್ದುದು. ಈ ಹುಡುಗ ಮತ್ತೆ ಹದಿಮೂರು ವರ್ಷ ಬದುಕಿದ. ಜಗತ್ತು ಹಿಗ್ಗಿತು. ಆದರೆ ಹಿಗ್ಗಿನ ಬೆನ್ನಿಗೇ ಒಂದು ಪೇಚೂ ಬಂತು. ಇನ್ಸುಲಿನ್ ಎಂಬುದು ನಾಲ್ಕು ದಿನ ನುಂಗಿ ಮರೆತುಬಿಡುವ ಕ್ವಿನೀನ್ ಮಾತ್ರೆಯಲ್ಲ. ದಿನಕ್ಕೆ ಎರಡು ಮೂರು ಸಲದಂತೆ ಆಯುಷ್ಯವಿರುವವರೆಗೂ ಚುಚ್ಚಿಸಿಕೊಳ್ಳಬೇಕು. ದಿನವೂ ಡಾಕ್ಟರರನ್ನು ಎಲ್ಲಿಂದ ತರುವುದು?

ಬಾಸ್ಟನ್ ನಗರದ ಎಲಿಯಟ್ ಜಾಸ್ಲಿನ್ ಎಂಬ ವೈದ್ಯರು ಈ ಪ್ರಶ್ನೆಗೆ ಉತ್ತರವನ್ನು ಮುಂಚಿತವಾಗಿಯೇ ಯೋಚಿಸಿದ್ದರೆನ್ನಬೇಕು. ಇನ್ಸುಲಿನ್ನಿಗೂ ಮೊದಲೇ, 1918ರಲ್ಲಿ, ಅವರೊಂದು ಕೈಪಿಡಿಯನ್ನು ಬರೆದಿದ್ದರು. ಅದು ಡಾಕ್ಟರರಿಗೂ ರೋಗಿಗೂ ಒಟ್ಟಾಗಿ ಬರೆದ ಪುಸ್ತಕ. ವೈದ್ಯರಿಗೊಂದು ವಿದ್ಯೆ, ರೋಗಿಗೊಂದು ಉಪದೇಶ ಎಂಬ ಭೇದ ಅದರಲ್ಲಿರಲಿಲ್ಲ. ಇನ್ಸುಲಿನ್ ಬಂದಮೇಲೆ ಜಾಸ್ಲಿನ್ನರು ದಾದಿಯರಿಗೆ ವಿಶೇಷ ಶಿಕ್ಷಣ ಕೊಟ್ಟು ರೋಗಿಗಳ ಮನೆಗಳಿಗೇ ಕಳುಹಿಸತೊಡಗಿದರು. 'ಸಂಚಾರಿ ದಾದಿ' ಎಂದು ಅವರಿಗೆ ಹೆಸರಾಯಿತು. ಊಟವನ್ನು ಅಳೆಯುವುದು ಹೇಗೆ, ಪಿಚಕಾರಿಯನ್ನು ಕುದಿಸುವುದು ಹೇಗೆ, ಸೂಜಿಯನ್ನು ಎಲ್ಲಿ ಚುಚ್ಚುವುದು, ಮೂತ್ರವನ್ನು ಹೇಗೆ ಪರೀಕ್ಷಿಸುವುದು ಎಂಬುದನ್ನೆಲ್ಲ ಆಕೆ ಮನೆಮಂದಿಗೆ ಕಲಿಸಿಕೊಡುತ್ತಿದ್ದಳು. ವೈದ್ಯರ ಕೈಯಲ್ಲಿ ಮಾತ್ರ ಇರತಕ್ಕದ್ದೆಂದು ಎಲ್ಲರೂ ಭಾವಿಸಿದ್ದ ಅಧಿಕಾರವನ್ನು ದಾದಿಗೂ, ಅವಳ ಮೂಲಕ ಮನೆಯ ತಾಯಿಗೂ ಬಿಟ್ಟುಕೊಟ್ಟದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ.

ಇಂಗ್ಲೆಂಡಿನಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ತರುಣ ವೈದ್ಯ ಆರ್.ಡಿ. ಲಾರೆನ್ಸರಿಗೆ ಸ್ವತಃ ಈ ರೋಗ ತಗುಲಿತು. ತಮ್ಮ ಸಾವನ್ನು ಮನೆಯವರು ನೋಡುವುದು ಬೇಡವೆಂದು ಅವರು ಇಟಲಿಯ ಫ್ಲಾರೆನ್ಸಿಗೆ ಹೋಗಿ, ಅಲ್ಲಿಯೇ ವೈದ್ಯವೃತ್ತಿ ನಡೆಸಿಕೊಂಡು ದಿನ ಎಣಿಸುತ್ತಿದ್ದರು. 1923ರಲ್ಲಿ ಲಂಡನ್ನಿನ ಮಿತ್ರರಿಂದ ಸುದ್ದಿ ಬಂತು: ಇನ್ಸುಲಿನ್ ಸಿಕ್ಕಿದೆ, ಗುಣ ಕೊಡುತ್ತಿದೆ, ಬೇಗ ಹೊರಟು ಬಾ ಎಂಬ ಅಭಿಪ್ರಾಯದ್ದು. ಇದ್ದ ಅಲ್ಪಸ್ವಲ್ಪ ಶಕ್ತಿಯಲ್ಲಿಯೇ ಕಾರು ನಡೆಸಿಕೊಂಡು ಅವರು ಲಂಡನ್ ಸೇರಿದರು. ಆ ವರ್ಷದ ಮೇ 31ರಂದು ಅವರಿಗೆ ಮೊದಲ ಚುಚ್ಚುಮದ್ದು. ಅನಂತರ 1968ರವರೆಗೆ ಬದುಕಿದರು. ರೋಗಿಯೇ ವೈದ್ಯನಾದರೆ ವೈದ್ಯದ ರೀತಿಯೂ ಬದಲಾಗುತ್ತದೆ. ಲಾರೆನ್ಸರು ರೋಗಿಗಳಿಗೋಸ್ಕರ ಪುಸ್ತಕ ಬರೆದರು. 1934ರಲ್ಲಿ, ಕಾದಂಬರಿಗಳ ಓದುಗರಿಗೆ ಸುಪರಿಚಿತರಾದ ಎಚ್.ಜಿ. ವೆಲ್ಸರೊಡನೆ ಕೂಡಿ ರೋಗಿಗಳದೇ ಆದ ಒಂದು ಸಂಘವನ್ನು ಕಟ್ಟಿದರು. ವೆಲ್ಸರಿಗೂ ಸಕ್ಕರೆ ಕಾಯಿಲೆಯಿತ್ತು. ಲಾರೆನ್ಸರೇ ಅವರ ಡಾಕ್ಟರರು.

ನಮ್ಮ ಕಡೆಯ ಮನೆಗಳಿಗೆ ಈ ವಿದ್ಯೆ ಬಂದದ್ದು ಬೆನೆಡಿಕ್ಟ್ ದ್ರಾವಣದ ರೂಪದಲ್ಲಿ. ಹಿರಿಯ ವಾಚಕರಿಗೆ ಇದು ನೆನಪಿರುತ್ತದೆ. ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರಿನಷ್ಟು ನೀಲಿ ದ್ರಾವಣ, ಅದಕ್ಕೆ 8 ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ಕುದಿದ ಮೇಲೂ ನೀಲಿಯಾಗಿಯೇ ಉಳಿದರೆ ಮನೆಯವರೆಲ್ಲರಿಗೂ ನೆಮ್ಮದಿ. ಹಸಿರಿಗೆ ತಿರುಗಿದರೆ ಎಚ್ಚರಿಕೆ. ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆಗೆಂಪು ಬಂತೆಂದರೆ ಯಜಮಾನರ ಮಧ್ಯಾಹ್ನದ ಅನ್ನಕ್ಕೆ ಸಂಚಕಾರ! ಮಡಿ ಮೈಲಿಗೆಗಳ ಮನೆಯಲ್ಲಿ ಈ ಪ್ರಯೋಗಶಾಲೆಗೆ ಜಾಗ ಹುಡುಕುವುದೇ ಒಂದು ಪ್ರಶ್ನೆ. ಹಿತ್ತಿಲ ಜಗಲಿಗೋ ಬಚ್ಚಲ ಕಟ್ಟೆಗೋ ಅದು ಮೀಸಲಾಗುತ್ತಿತ್ತು. ಗಾಜಿನ ಪಿಚಕಾರಿಯನ್ನು ಕುದಿಸುವುದು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಉಜ್ಜುವುದು, ತಣ್ಣನೆಯ ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ಇನ್ಸುಲಿನ್ ಸೀಸೆಯನ್ನು ತೇವದ ಮಣ್ಣಿನ ಮಡಕೆಯೊಳಗೆ ತಂಪಾಗಿಡುವುದು, ಇವೆಲ್ಲ ಮನೆಯಾಕೆಯ ದಿನಚರಿಯಲ್ಲಿ ಸೇರಿಹೋದುವು. ಮಡಕೆಯ ಉಪಾಯವನ್ನು ಫ್ರಿಜ್ ಇಲ್ಲದವರಿಗೆ ಡಾಕ್ಟರರು ಇಂದಿಗೂ ಹೇಳಿಕೊಡುತ್ತಾರೆ.

ಆದರೆ ಮೂತ್ರದ ಪರೀಕ್ಷೆಗೊಂದು ಕೊರತೆಯಿತ್ತು. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ಮೀರುವವರೆಗೆ ಅದು ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯುವುದೇ ಇಲ್ಲ. ಇಳಿದದ್ದೂ ಹಿಂದಿನ ಕೆಲವು ಗಂಟೆಗಳ ಸಮಾಚಾರವೇ ಹೊರತು ಈ ಕ್ಷಣದ್ದಲ್ಲ. ನಿನ್ನೆಯ ಪತ್ರಿಕೆಯಲ್ಲಿ ಇಂದಿನ ಸುದ್ದಿ ಹುಡುಕಿದ ಹಾಗೆ. ಸಕ್ಕರೆ ಅತಿಯಾಗಿ ಇಳಿದು ಮನುಷ್ಯ ಬೆವರುತ್ತ ಮಂಕಾಗುತ್ತಿದ್ದರೂ ನಳಿಕೆಯ ನೀಲಿ ಬಣ್ಣ ಎಲ್ಲವೂ ಸುಖವೆಂದೇ ಹೇಳುತ್ತಿತ್ತು.

ಈ ಕಷ್ಟವನ್ನು ದಾಟುವ ದಾರಿಯನ್ನು ಕಂಡವನು ವೈದ್ಯನಲ್ಲ, ಒಬ್ಬ ಇಂಜಿನಿಯರು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನರಿಗೆ ಹನ್ನೆರಡನೆಯ ವಯಸ್ಸಿನಲ್ಲಿಯೇ ಸಕ್ಕರೆ ಕಾಯಿಲೆ ಬಂದಿತ್ತು. ಮೂವತ್ತು ದಾಟುವ ವೇಳೆಗೆ ದೇಹ ಒಂದೊಂದಾಗಿ ಸೋಲತೊಡಗಿತ್ತು. 1969ರಲ್ಲಿ ವ್ಯಾಪಾರಿ ಪತ್ರಿಕೆಯೊಂದರಲ್ಲಿ ಅವರೊಂದು ಜಾಹೀರಾತನ್ನು ಕಂಡರು. ಒಂದು ಹನಿ ರಕ್ತದಿಂದ ಒಂದು ನಿಮಿಷದಲ್ಲಿ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಯಂತ್ರ. ತೂಕ ಒಂದು ಕಿಲೋಗ್ರಾಮಿಗೂ ಹೆಚ್ಚು. ಅದನ್ನು ತಯಾರಿಸಿದ ಉದ್ದೇಶವನ್ನು ಕೇಳಿದರೆ ವಾಚಕರಿಗೆ ನಗು ಬಂದೀತು. ರಾತ್ರಿಯ ಹೊತ್ತು ಆಸ್ಪತ್ರೆಗೆ ಪ್ರಜ್ಞೆ ತಪ್ಪಿದವನೊಬ್ಬನನ್ನು ತಂದಾಗ, ಅವನು ಸಕ್ಕರೆ ರೋಗಿಯೋ ಬರಿಯ ಕುಡುಕನೋ ಎಂಬುದನ್ನು ಪ್ರಯೋಗಶಾಲೆ ಮುಚ್ಚಿದ್ದರೂ ಕಂಡುಹಿಡಿಯುವುದಕ್ಕಂತೆ! ರೋಗಿಯ ಕೈಗೆ ಅದನ್ನು ಕೊಡಬಹುದೆಂದು ತಯಾರಕರಿಗೆ ಹೊಳೆದಿರಲಿಲ್ಲ. ಹೊಳೆಯದಿದ್ದುದು ಮಾತ್ರವಲ್ಲ, ಡಾಕ್ಟರರಲ್ಲದವರಿಗೆ ಅದನ್ನು ಮಾರುವುದೂ ಇಲ್ಲವೆಂದರು. ಅದೃಷ್ಟವಶಾತ್ ಬರ್ನ್‌ಸ್ಟೀನರ ಪತ್ನಿ ಡಾಕ್ಟರು. ಆಕೆಯ ಹೆಸರಿನಲ್ಲಿ ತರಿಸಿಕೊಂಡರು.

ಇಂಜಿನಿಯರನ ಬುದ್ಧಿಯೆಂದರೆ ಅಳತೆಯ ಬುದ್ಧಿ. ದಿನಕ್ಕೆ ಐದಾರು ಸಲ ಬೆರಳು ಚುಚ್ಚಿ, ಯಾವ ಊಟಕ್ಕೆ ಎಷ್ಟು ಏರುತ್ತದೆ, ಎಷ್ಟು ಇನ್ಸುಲಿನ್ನಿಗೆ ಎಷ್ಟು ಇಳಿಯುತ್ತದೆ ಎಂದು ಬರೆದಿಟ್ಟುಕೊಂಡು, ಕ್ರಮೇಣ ರೋಗವನ್ನು ಹತೋಟಿಗೆ ತಂದುಕೊಂಡರು. ತಮ್ಮ ಅನುಭವವನ್ನು ಲೇಖನವಾಗಿ ಬರೆದು ಕಳುಹಿಸಿದರೆ ವೈದ್ಯಕೀಯ ಪತ್ರಿಕೆಗಳು ಹಿಂದಿರುಗಿಸಿದುವು. ರೋಗಿಯೊಬ್ಬ, ಅದರಲ್ಲಿಯೂ ವೈದ್ಯನಲ್ಲದವನು, ವೈದ್ಯರಿಗೆ ಹೇಳಿಕೊಡುವುದೆಂದರೇನು? ಬರ್ನ್‌ಸ್ಟೀನರು ಜಗಳಾಡಲಿಲ್ಲ. 1979ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ, ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿ ಡಾಕ್ಟರರೇ ಆಗಿಬಿಟ್ಟರು. ಅವರು ತೀರಿಕೊಂಡದ್ದು 2025ರಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ.

ಅಷ್ಟರಲ್ಲಿ ವೈದ್ಯಲೋಕವೂ ಕಣ್ತೆರೆದಿತ್ತು. 1978ರಲ್ಲಿ ಇಂಗ್ಲೆಂಡಿನ ವೈದ್ಯರು, ರೋಗಿಗಳು ಮನೆಯಲ್ಲಿಯೇ ರಕ್ತಪರೀಕ್ಷೆ ಮಾಡಿಕೊಳ್ಳಬಲ್ಲರೆಂಬುದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1993ರಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ 1,441 ಮಂದಿಯ ಮೇಲೆ ನಡೆದ ದೊಡ್ಡ ಅಧ್ಯಯನದ ಫಲ ಹೊರಬಿತ್ತು. ಇನ್ಸುಲಿನ್ ಇಲ್ಲದೆ ಬದುಕಲಾರದ ಮೊದಲನೆಯ ಬಗೆಯ ರೋಗಿಗಳಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟುಕೊಂಡವರಿಗೆ ಕಣ್ಣಿನ ತೊಂದರೆ ಹೊಸದಾಗಿ ತಲೆದೋರುವುದು ನೂರಕ್ಕೆ 76ರಷ್ಟು ಕಡಿಮೆಯಾಗಿತ್ತು. ಎಲ್ಲ ಪತ್ರಿಕೆಗಳೂ ಈ ಅಂಕಿಯನ್ನು ಸಾರಿದುವು. ಆದರೆ ಆ ರೋಗಿಗಳು ತಿಂಗಳಿಗೊಮ್ಮೆ ಚಿಕಿತ್ಸಾಲಯಕ್ಕೆ ಬರುತ್ತಿದ್ದರು, ನಡುನಡುವೆ ಅವರಿಗೆ ಟೆಲಿಫೋನ್ ಬರುತ್ತಿತ್ತು, ದಾದಿಯೂ ಪಥ್ಯ ಹೇಳುವವರೂ ಬೆನ್ನಿಗೆ ನಿಂತಿದ್ದರು ಎಂಬುದನ್ನು ಬರೆದವರು ಕಡಿಮೆ. ಬಿಗಿ ಹತೋಟಿಯಲ್ಲಿದ್ದವರಿಗೆ ಸಕ್ಕರೆ ಅಪಾಯಕರವಾಗಿ ಇಳಿಯುವುದು ಸುಮಾರು ಮೂರುಪಟ್ಟು ಹೆಚ್ಚಾಗಿತ್ತೆಂಬುದನ್ನೂ ಮರೆಯುವಂತಿಲ್ಲ. ಬರಿಯ ಯಂತ್ರದ ಸಹಾಯದಿಂದ ನಡೆದ ಪವಾಡ ಅದಲ್ಲ.

ಮೂರು ತಿಂಗಳ ಮಾತು ಬಂದದ್ದರಿಂದ ಇನ್ನೊಂದು ಪರೀಕ್ಷೆಯನ್ನೂ ಹೇಳಿಬಿಡಬೇಕು. ನಮ್ಮಲ್ಲಿ ಅನೇಕರಿಗೆ ಒಂದು ಅಭ್ಯಾಸವುಂಟು. ಪರೀಕ್ಷೆಯ ದಿನಕ್ಕೆ ನಾಲ್ಕು ದಿನ ಮುಂಚಿನಿಂದ ಕಟ್ಟುನಿಟ್ಟಿನ ವ್ರತ: ಸಿಹಿ ಇಲ್ಲ, ಅನ್ನ ಒಂದೇ ತುತ್ತು, ಲಾಲ್‌ಬಾಗಿನಲ್ಲಿ ಎರಡು ಸುತ್ತು ಹೆಚ್ಚು. ರಕ್ತ ಕೊಟ್ಟು ಹೊರಬಂದ ಕೂಡಲೇ ಎದುರು ಹೋಟೆಲಿನಲ್ಲಿ ವ್ರತೋದ್ಯಾಪನೆ. 1968ರಲ್ಲಿ ಟೆಹರಾನಿನ ಸಾಮುವೆಲ್ ರಹಬರ್ ಎಂಬ ವಿಜ್ಞಾನಿ ಸಕ್ಕರೆ ರೋಗಿಗಳ ರಕ್ತದಲ್ಲಿ ಗಮನಿಸಿದ ಒಂದು ವಿಶೇಷ ಈ ವ್ರತವನ್ನು ಕೆಡಿಸಿಬಿಟ್ಟಿತು. ಕೆಂಪು ರಕ್ತಕಣ ಸುಮಾರು 120 ದಿನ ಬಾಳುತ್ತದೆ. ಆ ಕಾಲವೆಲ್ಲ ಅದರೊಳಗಿನ ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಅದನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಎಚ್‌ಬಿಎ1ಸಿ ಎಂದು ವರದಿಯಲ್ಲಿ ಅಚ್ಚಾಗುವುದು ಇದೇ. ಡಾಕ್ಟರರು ಮೇಜಿನ ಆಚೆಯಿಂದ ಕನ್ನಡಕದ ಮೇಲೆ ನಮ್ಮನ್ನು ನೋಡುವಾಗ ಅವರ ಕೈಯಲ್ಲಿರುವುದು ಗೌರಿಹಬ್ಬದ ಹೋಳಿಗೆಯ ಲೆಕ್ಕವೂ ಸೇರಿದ ಚಿತ್ರಗುಪ್ತನ ಪುಸ್ತಕ!

ಈಗಿನ ಕಾಲಕ್ಕೆ ಬರೋಣ. ಯಂತ್ರ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಿದೆ. ತೋಳಿಗೆ ಅಂಟಿಸಿಕೊಳ್ಳುವ, ನಾಣ್ಯದಷ್ಟಗಲದ ಸೆನ್ಸರ್ ಎರಡು ವಾರ ಹಗಲೂ ರಾತ್ರಿಯೂ ಸಕ್ಕರೆಯನ್ನು ಅಳೆದು ಮೊಬೈಲಿಗೆ ತಿಳಿಸುತ್ತದೆ. ಬಸವನಗುಡಿಯಲ್ಲಿ ತಂದೆ ಮೈಸೂರುಪಾಕಿನ ತುಂಡೊಂದನ್ನು ಬಾಯಿಗೆ ಹಾಕಿಕೊಂಡರೆ ಅರ್ಧ ಗಂಟೆಯೊಳಗೆ ಅಮೆರಿಕದ ಮಗ ಫೋನ್ ಮಾಡಿ 'ಅಪ್ಪಾ, ಏನು ತಿಂದಿರಿ?' ಎಂದು ಕೇಳುವ ಕಾಲವಿದು. ಇದನ್ನು ಹಳಿಯಲು ಬರುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಾಯಂದಿರಿಗೆ ನಡುರಾತ್ರಿಯ ನಿದ್ರೆಯನ್ನು ಮರಳಿ ಕೊಟ್ಟ ಸಾಧನವಿದು. ಆದರೂ ಮಧ್ಯಮವರ್ಗದ ಮನೆಗಳಲ್ಲಿ ಯಂತ್ರ ಕೊಳ್ಳುವ ಉತ್ಸಾಹ ಮೊದಲ ತಿಂಗಳಿಗೆ ಸೀಮಿತ. ಅಂಕಿಗಳು ಬರುತ್ತಲೇ ಇರುತ್ತವೆ; 214 ಬಂದರೆ ಮಾಡುವುದೇನು, ಯಾರನ್ನು ಕೇಳುವುದು ಎಂಬುದು ಗೊತ್ತಿರುವುದಿಲ್ಲ. ಪಟ್ಟಿಗಳ ಬೆಲೆ ನೋಡಿ ಯಂತ್ರ ಬೀರು ಸೇರುತ್ತದೆ.

ಈ 'ಯಾರನ್ನು ಕೇಳುವುದು' ಎಂಬುದಕ್ಕೆ ಭಾರತ, ಪಾಕಿಸ್ತಾನಗಳ 10 ಚಿಕಿತ್ಸಾಲಯಗಳು ಕೂಡಿ ಒಂದು ಉತ್ತರವನ್ನು ಪರೀಕ್ಷಿಸಿ ನೋಡಿದುವು. 1,146 ರೋಗಿಗಳನ್ನು ಎರಡು ಪಂಗಡ ಮಾಡಿದರು. ಒಂದಕ್ಕೆ ಎಂದಿನಂತೆ ಚಿಕಿತ್ಸೆ. ಇನ್ನೊಂದಕ್ಕೆ, ಅದರ ಜೊತೆಗೆ ಡಾಕ್ಟರಲ್ಲದ ಒಬ್ಬ ಸಂಯೋಜಕ. ರೋಗಿ ಬಾರದಿದ್ದರೆ ಕೇಳುವವನು, ಔಷಧಿ ತಪ್ಪಿತೇ ಎಂದು ವಿಚಾರಿಸುವವನು. ಡಾಕ್ಟರರಿಗೂ ಮುಂದಿನ ಹೆಜ್ಜೆಯನ್ನು ನೆನಪಿಸುವ ಗಣಕದ ವ್ಯವಸ್ಥೆ. ಎರಡು ವರ್ಷಕ್ಕೂ ಮೀರಿ ನಡೆದ ಈ ಪ್ರಯೋಗದ ಫಲ 2016ರಲ್ಲಿ ಪ್ರಕಟವಾಯಿತು. ಸಕ್ಕರೆಯ ಜೊತೆಗೆ ರಕ್ತದೊತ್ತಡವೋ ರಕ್ತದ ಕೊಬ್ಬೋ ಹದಕ್ಕೆ ಬಂದವರು ಎಂದಿನ ಪಂಗಡದಲ್ಲಿ ನೂರಕ್ಕೆ 8. ಸಂಯೋಜಕನಿದ್ದ ಪಂಗಡದಲ್ಲಿ 18. ಹದಿನೆಂಟು ಎಂಬುದೇನೂ ಡೋಲು ಬಾರಿಸುವ ಸಂಖ್ಯೆಯಲ್ಲ. ಆದರೂ ಹೊಸ ಔಷಧಿಯಿಲ್ಲದೆ, ವಿಚಾರಿಸುವ ಒಬ್ಬ ಮನುಷ್ಯನನ್ನೂ ನೆನಪಿಸುವ ಒಂದು ಯಂತ್ರವನ್ನೂ ಸೇರಿಸಿದ್ದಕ್ಕೆ ಫಲ ಎರಡುಪಟ್ಟಾಯಿತಲ್ಲವೆ?

ಚೆನ್ನೈಯ ಡಾಕ್ಟರ್ ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ರೋಗ ಬರುವುದಕ್ಕೆ ಮುನ್ನವೇ ತಡೆಯುವ ಯತ್ನ ಮಾಡಿದರು. ರೋಗದ ಅಂಚಿನಲ್ಲಿದ್ದ 537 ಮಂದಿ ದುಡಿಯುವ ಗಂಡಸರನ್ನು ಆರಿಸಿ, ಅರ್ಧದಷ್ಟು ಮಂದಿಯ ಮೊಬೈಲಿಗೆ ವಾರಕ್ಕೆ ಎರಡರಿಂದ ನಾಲ್ಕು ಪುಟ್ಟ ಸಂದೇಶಗಳನ್ನು ಕಳುಹಿಸುತ್ತ ಬಂದರು. ಊಟದ ಬಗ್ಗೆ, ನಡಿಗೆಯ ಬಗ್ಗೆ. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳಲ್ಲಿ ಸಂದೇಶವಿಲ್ಲದವರಲ್ಲಿ ನೂರಕ್ಕೆ 27 ಮಂದಿಗೆ, ಸಂದೇಶ ಪಡೆದವರಲ್ಲಿ 18 ಮಂದಿಗೆ ರೋಗ ಬಂದಿತ್ತು. ಇಷ್ಟು ಅಗ್ಗದ ಔಷಧಿ ಇನ್ನಾವುದಿದೆ?

ಗಂಡಸರನ್ನು ಎಂಬ ಮಾತನ್ನು ವಾಚಕಿಯರು ಗಮನಿಸಿರಬಹುದು. ನಮ್ಮ ಮನೆಗಳ ಸ್ಥಿತಿಯೇ ಹೀಗೆ. ಯಜಮಾನರ ಮಾತ್ರೆಯ ಡಬ್ಬಿ, ಅತ್ತೆಯವರ ಇನ್ಸುಲಿನ್, ಪರೀಕ್ಷೆಯ ತಾರೀಕು, ಯಾರಿಗೆ ಉಪ್ಪು ಕಡಿಮೆ, ಯಾರಿಗೆ ರಾಗಿಮುದ್ದೆ ಎಂಬುದೆಲ್ಲ ಗೃಹಿಣಿಯ ತಲೆಯಲ್ಲಿ. ನಾವು ಇದುವರೆಗೆ ಬಣ್ಣಿಸಿದ ದಾದಿಯೂ ಆಕೆಯೇ, ಸಂಯೋಜಕನೂ ಆಕೆಯೇ. ಆಕೆಯ ಸಕ್ಕರೆ ಎಷ್ಟು ಎಂದು ಕೇಳಿ ನೋಡಿ. 'ನನಗೇನಾಗಿದೆ, ಚೆನ್ನಾಗಿಯೇ ಇದ್ದೇನಲ್ಲ' ಎಂಬ ಉತ್ತರ ಬರುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಣಿಸಿಕೊಂಡು, ಹೆರಿಗೆಯಾದ ಮೇಲೆ ಮರೆಯಾದ ಹೆಂಗಸಿಗೆ ಮುಂದೆ ಈ ರೋಗ ಬರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಹೆರಿಗೆಯಾದ ಸುಮಾರು ಆರು ವಾರಕ್ಕೊಮ್ಮೆ, ಆಮೇಲೂ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಬೇಕೆಂಬುದು ವೈದ್ಯರ ಮಾತು. ಆರನೆಯ ವಾರದಲ್ಲಿ ಮನೆಯವರೆಲ್ಲ ಮಗುವಿನ ನಾಮಕರಣದ ಪಟ್ಟಿ ಬರೆಯುತ್ತಿರುತ್ತಾರೆ!

ಆಸ್ಪತ್ರೆಯೇ ಎದ್ದು ಜನರ ಬಳಿಗೆ ಹೋದ ನಿದರ್ಶನಗಳೂ ಉಂಟು. ತಮಿಳುನಾಡಿನ ಚುನಾಂಪೇಟ್ ಸುತ್ತಿನ 42 ಹಳ್ಳಿಗಳಿಗೆ ಡಾಕ್ಟರ್ ವಿ. ಮೋಹನ್ ಅವರ ತಂಡ ಒಂದು ಮೋಟಾರು ಗಾಡಿಯನ್ನೇ ಚಿಕಿತ್ಸಾಲಯ ಮಾಡಿ ಕಳುಹಿಸಿತು. ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ, ಹಳ್ಳಿಯಲ್ಲಿ ತೆಗೆದ ಕಣ್ಣಿನೊಳಗಿನ ಚಿತ್ರವನ್ನು ಚೆನ್ನೈಯ ತಜ್ಞರು ನೋಡಿ ಹೇಳುತ್ತಿದ್ದರು. ಈ ರೋಗದಲ್ಲಿ ಕಣ್ಣಿನ ಅಕ್ಷಿಪಟ ಕೆಡುವುದು ನೋವಿಲ್ಲದೆ, ಸದ್ದಿಲ್ಲದೆ. ದೃಷ್ಟಿ ಮಂಜಾಗುವ ವೇಳೆಗೆ ಬಹಳ ತಡವಾಗಿರಬಹುದು. ವರ್ಷಕ್ಕೊಮ್ಮೆ ತೆಗೆಯುವ ಚಿತ್ರ ಅದನ್ನು ಮೊದಲೇ ಹಿಡಿಯುತ್ತದೆ. ಈಗ ಗಣಕವೇ ಅಂಥ ಚಿತ್ರವನ್ನು ಓದಬಲ್ಲದು. 2016ರಲ್ಲಿ ಗೂಗಲ್ ಸಂಸ್ಥೆಯವರು ಪ್ರಕಟಿಸಿದ ಈ ವಿದ್ಯೆಯನ್ನು ಗಣಕಕ್ಕೆ ಕಲಿಸಿದ್ದು 1,28,175 ಚಿತ್ರಗಳಿಂದ. ಅವುಗಳಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಇದ್ದುವು.

ದೇಶದಲ್ಲಿ 10 ಕೋಟಿ 10 ಲಕ್ಷ ಮಂದಿಗೆ ಸಕ್ಕರೆ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಇಷ್ಟು ಜನಕ್ಕೆ ತಜ್ಞ ಡಾಕ್ಟರರು ಸಾಲುವ ಮಾತೇ ಇಲ್ಲ. ಆದಕಾರಣ ಸರ್ಕಾರವೂ ಜಾಸ್ಲಿನ್ನರ ದಾದಿಯ ದಾರಿಯನ್ನೇ ಹಿಡಿದಿದೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆಗಳನ್ನು ನೋಡಿ, ಔಷಧಿಯನ್ನೂ ತಲುಪಿಸುತ್ತಾರೆ. ದೇಶದಾದ್ಯಂತ ಮೂವತ್ತು ದಾಟಿದವರ ವಿವರವನ್ನು ಆಶಾ ಕಾರ್ಯಕರ್ತೆಯರು ಒಂದು ನಮೂನೆಯಲ್ಲಿ ಬರೆದುಕೊಳ್ಳುತ್ತಾರೆ. ವಯಸ್ಸು, ಹೊಗೆಸೊಪ್ಪಿನ ಅಭ್ಯಾಸ, ಸೊಂಟದ ಸುತ್ತಳತೆ, ನಡಿಗೆ, ತಂದೆತಾಯಿಗಳಿಗೆ ರೋಗವಿತ್ತೇ ಎಂಬ ಪ್ರಶ್ನೆಗಳು, ಒಂದೊಂದಕ್ಕೂ ಅಂಕ. ಒಟ್ಟು ನಾಲ್ಕು ಮೀರಿದರೆ ಮೊದಲು ಪರೀಕ್ಷೆಗೆ ಕರೆ.

ಪಟ್ಟಣದ ನಮ್ಮ ಬಡಾವಣೆಗಳಲ್ಲಿ ಈಕೆ ಗೇಟಿನ ಬಳಿ ನಿಂತರೆ 'ನಮಗೆ ನಮ್ಮ ಡಾಕ್ಟರರಿದ್ದಾರಮ್ಮ' ಎಂದು ಹಿಂದಿರುಗಿಸುವುದೇ ವಾಡಿಕೆ. ಯಜಮಾನರಿಗೆ ಡಾಕ್ಟರರಿರುವುದು ನಿಜ. ಅವರ ಕಡತ ದಪ್ಪವಾಗಿಯೇ ಇರುತ್ತದೆ. ಆದರೆ ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ನಮೂನೆ ಮನೆಗೊಂದಲ್ಲ, ಆಳಿಗೊಂದು. ಒಳಗೆ ಒಲೆಯ ಮುಂದೆ ನಿಂತಿರುವಾಕೆಯ ಹೆಸರಿಗೂ ಅದರಲ್ಲೊಂದು ಪ್ರತ್ಯೇಕ ಹಾಳೆಯುಂಟು.